ಕೆಡುವ ಮೊದಲೇ ಸುಳಿವು: ಗಣಕ ಜಾಲದ ಕಣ್ಗಾವಲು ಮತ್ತು ಸ್ವಯಂಚಾಲಿತ ಸಜ್ಜಿಕೆ

ತುಮಕೂರಿನಿಂದ ಬೆಂಗಳೂರಿನ ಕಡೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೊರಟರೆ ಕ್ಯಾತ್ಸಂದ್ರ ದಾಟಿದ ಮೇಲೆ ಹಿರೇಹಳ್ಳಿ ಸಿಗುತ್ತದೆ. ರೈತರಿಗೆ ಈ ಊರು ಪರಿಚಿತವಾಗಿರುವುದು ಇಲ್ಲಿನ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ. ಉದ್ಯಮಿಗಳಿಗೆ ಇಲ್ಲಿನ ಕೈಗಾರಿಕಾ ಪ್ರದೇಶದಿಂದ. ಈ ಪ್ರದೇಶದಲ್ಲಿ ಒಂದು ಸಣ್ಣ ಕಾರ್ಖಾನೆ ಇದೆ ಎಂದು ಊಹಿಸಿಕೊಳ್ಳಿ. ಅಲ್ಲಿ 20 ಗಣಕಗಳು, ಎರಡು ಸ್ವಿಚ್‌ಗಳು, ಒಂದು ರೂಟರ್, ಒಂದು ಸರ್ವರ್ ಮತ್ತು ಒಂದು ಬ್ರಾಡ್‌ಬ್ಯಾಂಡ್ ಸಂಪರ್ಕ ಇವೆ.

ಬೆಳಿಗ್ಗೆ 9 ಗಂಟೆ. ಸರಕು ತುಂಬಿದ ಲಾರಿ ಗೇಟಿನ ಬಳಿ ನಿಂತಿದೆ. ಲೆಕ್ಕಪತ್ರದ ಗುಮಾಸ್ತರು ಬಂದು ಗಣಕವನ್ನು ಚಾಲೂ ಮಾಡುತ್ತಾರೆ. ಅಂತರ್ಜಾಲ ಸಂಪರ್ಕವಿಲ್ಲ! ಅದು ಕಡಿದುಹೋದದ್ದು ಬೆಳಗಿನ ಜಾವ 5 ಗಂಟೆಗೆ. ನಾಲ್ಕು ಗಂಟೆಗಳ ಕಾಲ ಅದು ಯಾರಿಗೂ ತಿಳಿಯಲಿಲ್ಲ.

ಸಂಪರ್ಕಕ್ಕೂ ಲಾರಿಗೂ ಏನು ಸಂಬಂಧ? ಕೆಲವು ವಿನಾಯಿತಿಗಳನ್ನು ಬಿಟ್ಟರೆ, 50,000 ರೂಪಾಯಿಗಿಂತ ಹೆಚ್ಚು ಮೌಲ್ಯದ ಸರಕನ್ನು ಸಾಗಿಸಲು ಇ-ವೇ ಬಿಲ್ ಬೇಕು. ಜಿಎಸ್‌ಟಿ ಅಡಿಯಲ್ಲಿ ಈ ವ್ಯವಸ್ಥೆಯನ್ನು 2017ರ ಸೆಪ್ಟೆಂಬರಿನಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ. ಅಂತರರಾಜ್ಯ ಸಾಗಣೆಗೆ ಅದು 2018ರ ಏಪ್ರಿಲ್ 1ರಿಂದ ದೇಶಾದ್ಯಂತ ಕಡ್ಡಾಯವಾಯಿತು. ಹೀಗಾಗಿ ಜಾಲ ನಿಂತರೆ ಈಗ ಬರೇ ಕಚೇರಿಯ ಕೆಲಸವಲ್ಲ, ಚಕ್ರವೂ ನಿಲ್ಲುತ್ತದೆ.

ಲಭ್ಯತೆಯ ಲೆಕ್ಕ

ಒಂದು ವ್ಯವಸ್ಥೆ ಒಟ್ಟು ಕಾಲದ ಎಷ್ಟು ಭಾಗ ಕೆಲಸ ಮಾಡುತ್ತದೆ ಎಂಬುದೇ ಅದರ ಲಭ್ಯತೆ. ನಮ್ಮ ಕಾರ್ಖಾನೆಯ ಸಂಪರ್ಕ 30 ದಿನಗಳಿಗೊಮ್ಮೆ, ಅಂದರೆ 720 ಗಂಟೆಗಳಿಗೊಮ್ಮೆ ಕೆಡುತ್ತದೆ ಎನ್ನೋಣ. ದುರಸ್ತಿಗೆ ಬೇಕಾದುದು ಅರ್ಧ ಗಂಟೆ. ಆದರೆ ದೋಷ ತಿಳಿಯಲು 4 ಗಂಟೆ ಹಿಡಿಯಿತು. ಒಟ್ಟು ನಷ್ಟ 4.5 ಗಂಟೆ, ಲಭ್ಯತೆ ಶೇ. 99.38. ದೋಷ 5 ನಿಮಿಷದಲ್ಲಿ ತಿಳಿದು, ಕರೆದ ಕೂಡಲೇ ದುರಸ್ತಿಯವರು ಸಿಕ್ಕಿದ್ದರೆ ನಷ್ಟ 35 ನಿಮಿಷ ಮಾತ್ರ, ಲಭ್ಯತೆ ಶೇ. 99.92. ಗಮನಿಸಿ: ಉಪಕರಣವನ್ನು ಬದಲಿಸಲಿಲ್ಲ, ದುರಸ್ತಿಯ ವೇಗವನ್ನೂ ಹೆಚ್ಚಿಸಲಿಲ್ಲ. ತಿಳಿಯುವ ಕಾಲವನ್ನಷ್ಟೇ ಕಡಿಮೆ ಮಾಡಿದೆವು.

ಇನ್ನೊಂದು ಸಂಗತಿ. ಗಣಕ, ಸ್ವಿಚ್, ರೂಟರ್, ತಂತು, ವಿದ್ಯುತ್ ಪೂರೈಕೆ – ಈ ಐದೂ ಸರಣಿಯಲ್ಲಿ ಜೋಡಿಸಿದ ಬಲ್ಬುಗಳ ಹಾಗೆ. ಒಂದು ಆರಿದರೂ ಎಲ್ಲವೂ ಕತ್ತಲು. ಪ್ರತಿಯೊಂದರ ಲಭ್ಯತೆ ಶೇ. 99 ಇದ್ದು, ಒಂದರ ದೋಷಕ್ಕೂ ಇನ್ನೊಂದರ ದೋಷಕ್ಕೂ ಸಂಬಂಧವಿಲ್ಲದಿದ್ದರೆ, 0.99ನ್ನು ಐದು ಸಲ ಗುಣಿಸಬೇಕು. ಉತ್ತರ ಸುಮಾರು ಶೇ. 95. ಆದ್ದರಿಂದ ಯಾವ ಕೊಂಡಿ ಕಡಿಯಿತು ಎಂಬುದೂ ತಿಳಿಯಬೇಕು.

ಜಾಲದ ನಾಡಿ ಹಿಡಿಯುವ ಬಗೆ

ಅತ್ಯಂತ ಸರಳ ಸಾಧನ ಪಿಂಗ್. ಅಮೆರಿಕದ ಮೈಕ್ ಮ್ಯೂಸ್ 1983ರ ಡಿಸೆಂಬರಿನಲ್ಲಿ ಬರೆದ ಪುಟ್ಟ ತಂತ್ರಾಂಶವಿದು. ಜಲಾಂತರ್ಗಾಮಿಗಳು ಸೋನಾರ್ ಧ್ವನಿಯನ್ನು ಕಳುಹಿಸಿ ಪ್ರತಿಧ್ವನಿಗೆ ಕಾಯುವಂತೆ, ಪಿಂಗ್ ಒಂದು ಸಂದೇಶವನ್ನು ಕಳುಹಿಸಿ ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಅಳೆಯುತ್ತದೆ. ಉತ್ತರ ಬಾರದಿದ್ದರೆ ದಾರಿಯಲ್ಲೆಲ್ಲೋ ಅಡಚಣೆ ಇರಬಹುದು.

ಜೀವವಿದೆಯೇ ಎಂಬುದು ಪಿಂಗ್‌ನಿಂದ ತಿಳಿಯಿತು. ಆರೋಗ್ಯ ಹೇಗಿದೆ ಎಂದು ತಿಳಿಯಲು 1988ರಲ್ಲಿ ಎಸ್‌ಎನ್‌ಎಂಪಿ ಎಂಬ ನಿಯಮಾವಳಿ ಬಂದಿತು. ಇದರಲ್ಲಿ ಮೇಲ್ವಿಚಾರಕ ಗಣಕ ಆಗಾಗ್ಗೆ ಪ್ರಶ್ನೆ ಕೇಳುತ್ತದೆ. ಸ್ವಿಚ್ ಅಥವಾ ರೂಟರಿನೊಳಗಿನ ಪ್ರತಿನಿಧಿ ತಂತ್ರಾಂಶ ಉತ್ತರಿಸುತ್ತದೆ. ಇದುವರೆಗೆ ಎಷ್ಟು ಬೈಟ್ ಹಾದುಹೋದವು ಎಂಬ ಎಣಿಕೆಯನ್ನು 300 ಸೆಕೆಂಡುಗಳ ಅಂತರದಲ್ಲಿ ಎರಡು ಸಲ ಕೇಳಿದಾಗ ವ್ಯತ್ಯಾಸ 15 ಕೋಟಿ ಬಂದಿತೆನ್ನಿ. ಅಂದರೆ ಸೆಕೆಂಡಿಗೆ 5 ಲಕ್ಷ ಬೈಟ್, ಅರ್ಥಾತ್ 4 ಮೆಗಾಬಿಟ್. ಮನೆಯ ವಿದ್ಯುತ್ ಮೀಟರಿನ ಎರಡು ತಿಂಗಳ ರೀಡಿಂಗುಗಳನ್ನು ಕಳೆದು ಬಳಕೆ ತಿಳಿಯುವ ವಿಧಾನವೇ ಇದು.

ನಿಜವಾದ ಮುನ್ನೆಚ್ಚರಿಕೆ ಹುಟ್ಟುವುದು ಇಂಥ ಅಂಕಿಗಳನ್ನು ದಿನದಿನವೂ ದಾಖಲಿಸಿ ನಕ್ಷೆ ಬರೆದಾಗ. ಮೂರು ಉದಾಹರಣೆಗಳನ್ನು ನೋಡಿ. ಸರ್ವರಿನ ಡಿಸ್ಕಿನಲ್ಲಿ 100 ಗಿಗಾಬೈಟ್ ಖಾಲಿ ಇದ್ದು ದಿನಕ್ಕೆ 2 ಗಿಗಾಬೈಟ್ ತುಂಬುತ್ತಿದ್ದರೆ ಅದಕ್ಕೆ ಉಳಿದಿರುವುದು 50 ದಿನ. ಯುಪಿಎಸ್ ಬ್ಯಾಟರಿ ಮೊದಲು 30 ನಿಮಿಷ ತಡೆಯುತ್ತಿದ್ದುದು 20ಕ್ಕೆ, ಅನಂತರ 12ಕ್ಕೆ ಇಳಿದರೆ ಅದರ ಆಯುಸ್ಸು ಮುಗಿಯುತ್ತಿದೆ. ದ್ಯುತಿ ತಂತುವಿನಲ್ಲಿ ಬರುವ ಬೆಳಕು 3 ಡೆಸಿಬೆಲ್ ಕುಸಿದರೆ ಅದರ ಸಾಮರ್ಥ್ಯ ಅರ್ಧವಾಗಿದೆ ಎಂದರ್ಥ. ತಂತು ಬಾಗಿರಬಹುದು, ಇಲ್ಲವೇ ಜೋಡಣೆಗೆ ಧೂಳು ಹಿಡಿದಿರಬಹುದು. ಮೂರರಲ್ಲೂ ಕೆಲಸ ಇನ್ನೂ ನಿಂತಿಲ್ಲ, ಬಳಕೆದಾರರಿಗೆ ಏನೂ ಗೊತ್ತಾಗಿಲ್ಲ. ಆದರೆ ನಕ್ಷೆ ಹೇಳಿಬಿಟ್ಟಿದೆ.

ಎಚ್ಚರಿಕೆಯ ಗಂಟೆ ಯಾವಾಗ ಬಾರಿಸಬೇಕು? ಒಂದು ಪಿಂಗ್ ತಪ್ಪಿದ ಕೂಡಲೇ ಬಾರಿಸಿದರೆ ದಿನಕ್ಕೆ ನೂರು ಸಲ ಬಾರಿಸಬೇಕಾದೀತು. ಆಗ ಯಾರೂ ಕಿವಿಗೊಡುವುದಿಲ್ಲ. ಸತತವಾಗಿ ಮೂರು ಸಲ ಉತ್ತರ ತಪ್ಪಿದರೆ ಮಾತ್ರ ಎಂಬಂಥ ಮಿತಿಯನ್ನು ಹಾಕಿಕೊಳ್ಳಬೇಕು. ಇನ್ನೊಂದು ಸೂಕ್ಷ್ಮವಿದೆ: ಕಡಿದುಹೋದ ಸಂಪರ್ಕದ ಮೂಲಕವೇ ‘ಸಂಪರ್ಕ ಕಡಿದಿದೆ’ ಎಂಬ ಮಿಂಚಂಚೆಯನ್ನು ಕಳುಹಿಸಲಾಗದು! ಎಚ್ಚರಿಕೆಗೆ ಮೊಬೈಲ್ ಜಾಲದಂಥ ಬೇರೆ ದಾರಿ ಬೇಕು. ಕಾವಲುಗಾರ ಗಣಕವೇ ಕೆಟ್ಟರೆ? ಅದು 5 ನಿಮಿಷಕ್ಕೊಮ್ಮೆ ಹೊರಗಿನ ಇನ್ನೊಂದು ಗಣಕಕ್ಕೆ ‘ನಾನಿದ್ದೇನೆ’ ಎನ್ನುತ್ತಿರಬೇಕು. ಆ ದನಿ ನಿಂತರೆ ಅದೇ ಎಚ್ಚರಿಕೆ.

ಇಷ್ಟಕ್ಕೆಲ್ಲ ದೊಡ್ಡ ಬಂಡವಾಳ ಬೇಡ. 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಿಂದ ಹೊರಬಂದ ನ್ಯಾಗಿಯೋಸ್, 2001ರ ಜ್ಯಾಬಿಕ್ಸ್ ಮುಂತಾದ ಮುಕ್ತ ತಂತ್ರಾಂಶಗಳು ಹಳೆಯ ಗಣಕವೊಂದರಲ್ಲೂ ಈ ಕಾವಲು ಕೆಲಸ ಮಾಡಬಲ್ಲವು.

ಸಜ್ಜುಗೊಳಿಸುವ ಕೆಲಸ

ದೋಷ ತಿಳಿಯಿತು; ಕೆಟ್ಟ ಗಣಕದ ಜಾಗಕ್ಕೆ ಹೊಸದು ಬಂದಿತು. ಅದಕ್ಕೆ ವಿಳಾಸ ಕೊಡಬೇಕು, ತಂತ್ರಾಂಶ ಹಾಕಬೇಕು, ಪ್ರಿಂಟರ್ ಜೋಡಿಸಬೇಕು. ಕೈಯಿಂದ ಮಾಡಿದರೆ ಅರ್ಧ ದಿನವೇ ಹೋಗಬಹುದು. ಅವಸರದಲ್ಲಿ ಎರಡು ಗಣಕಗಳಿಗೆ ಒಂದೇ ವಿಳಾಸ ಕೊಟ್ಟರೆ ಹೊಸ ತೊಂದರೆ ಬೇರೆ.

ಈ ಕೆಲಸವನ್ನು ಗಣಕಕ್ಕೇ ಒಪ್ಪಿಸುವುದು ಸ್ವಯಂಚಾಲಿತ ಸಜ್ಜಿಕೆ. ಇದರ ಮೊದಲ ಮೆಟ್ಟಿಲು 1993ರಲ್ಲಿ ಬಂದ ಡಿಎಚ್‌ಸಿಪಿ. ಹೊಸ ಗಣಕ ‘ವಿಳಾಸ ಕೊಡುವವರು ಯಾರಿದ್ದೀರಿ?’ ಎಂದು ಕೂಗುತ್ತದೆ. ಸರ್ವರ್ ಒಂದು ವಿಳಾಸವನ್ನು ಸೂಚಿಸುತ್ತದೆ. ಗಣಕ ‘ಅದೇ ಇರಲಿ’ ಎಂದು ಕೋರುತ್ತದೆ. ಸರ್ವರ್ ಒಪ್ಪಿ ಬರೆದಿಟ್ಟುಕೊಳ್ಳುತ್ತದೆ. ನಾಲ್ಕೇ ಮಾತು. ವಿಳಾಸ ಸಿಗುವುದು ನಿರ್ದಿಷ್ಟ ಅವಧಿಗೆ, ಬಾಡಿಗೆ ಮನೆಯ ಹಾಗೆ.

ಎರಡನೆಯ ಮೆಟ್ಟಿಲು, ಗಣಕ ಹೇಗಿರಬೇಕೆಂದು ಕಡತದಲ್ಲಿ ಬರೆದಿಡುವುದು. 1993ರಲ್ಲಿ ಓಸ್ಲೋದಲ್ಲಿದ್ದ ಮಾರ್ಕ್ ಬರ್ಜೆಸ್ ರೂಪಿಸಿದ ಸಿಎಫ್‌ಎಂಜಿನ್ ಈ ಮಾರ್ಗದ ಮೊದಲಿಗರಲ್ಲಿ ಒಂದು. ಅನಂತರ 2005ರಲ್ಲಿ ಪಪೆಟ್, 2012ರಲ್ಲಿ ಆನ್ಸಿಬಲ್ ಬಂದವು. ಇಲ್ಲಿ ಬರೆಯುವುದು ಮಾಡಬೇಕಾದ ಕ್ರಿಯೆಯನ್ನಲ್ಲ, ತಲುಪಬೇಕಾದ ಸ್ಥಿತಿಯನ್ನು. ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟಾಟ್ ನೆನಪಿಸಿಕೊಳ್ಳಿ: ನಾವು ಉಷ್ಣತೆಯನ್ನು ಗೊತ್ತುಪಡಿಸುತ್ತೇವೆ, ಕಡಿಮೆಯಾದರೆ ಅದು ಕಾಯಿಸುತ್ತದೆ, ಸರಿಯಾಗಿದ್ದರೆ ಸುಮ್ಮನಿರುತ್ತದೆ. ಹಾಗೆಯೇ ಈ ತಂತ್ರಾಂಶವನ್ನು ಹತ್ತು ಸಲ ಓಡಿಸಿದರೂ ಇರಬೇಕಾದಂತೆಯೇ ಇರುವ ಗಣಕಕ್ಕೆ ಬಾಧಕವಿಲ್ಲ.

ಎಚ್ಚರ ತಪ್ಪಿದರೆ

ಒಂದು ಮಾತನ್ನು ಮರೆಯಬಾರದು. ಕೈತಪ್ಪಿನಿಂದ ಕೆಡುವುದು ಒಂದು ಗಣಕ. ಸ್ವಯಂಚಾಲಿತ ತಪ್ಪಿನಿಂದ ಎಲ್ಲವೂ ಒಟ್ಟಿಗೆ ಕೆಡಬಹುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆ ರವಾನಿಸಿದ ದೋಷಪೂರಿತ ಪರಿಷ್ಕರಣೆಯಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಸ್ಥಗಿತಗೊಂಡವು. ಬೆಂಗಳೂರಿನ ವಿಮಾನ ನಿಲ್ದಾಣಕ್ಕೂ ಬಿಸಿ ತಟ್ಟಿತು. ದೇಶದ ಕೆಲವೆಡೆ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಪಾಠ ಸ್ಪಷ್ಟ: ಬದಲಾವಣೆಯನ್ನು ಮೊದಲು ಒಂದು ಗಣಕದಲ್ಲಿ ಮಾಡಿ, ಕಣ್ಗಾವಲಿನ ಅಂಕಿಗಳನ್ನು ನೋಡಿ, ಸರಿಯಿದ್ದರೆ ಉಳಿದವುಗಳಿಗೆ ಹಬ್ಬಿಸಬೇಕು. ಕಣ್ಗಾವಲು ಮತ್ತು ಸಜ್ಜಿಕೆ ಜೊತೆಯಾಗಿಯೇ ನಡೆಯಬೇಕಾದದ್ದು ಈ ಕಾರಣಕ್ಕೆ.

ನೀವೇ ಮಾಡಿ ನೋಡಿ

ನಿಮ್ಮ ಶಾಲೆಯ ಗಣಕ ಕೊಠಡಿಯೇ ಇದಕ್ಕೆ ಪ್ರಯೋಗಶಾಲೆ. ಆದೇಶ ಕಿಟಕಿಯನ್ನು ತೆರೆದು, ಪಿಂಗ್ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚಿಸಿ, ಒಂದು ಜಾಗ ಬಿಟ್ಟು ನಿಮ್ಮ ರೂಟರಿನ ವಿಳಾಸ ಕೊಡಿ. ಅದು ಅನೇಕ ಕಡೆ 192.168.1.1 ಆಗಿರುತ್ತದೆ. ಒಂದು ವಾರ ಕಾಲ, ದಿನಕ್ಕೆ ಮೂರು ಹೊತ್ತು, ಬಂದ ಮಿಲಿಸೆಕೆಂಡುಗಳನ್ನು ಬರೆದಿಡಿ. ಹೊರಗಿನ ಯಾವುದಾದರೊಂದು ಜಾಲತಾಣದ ಹೆಸರು ಕೊಟ್ಟೂ ಅಳೆದು ಎರಡನ್ನೂ ನಕ್ಷಾಹಾಳೆಯಲ್ಲಿ ಗುರುತಿಸಿ. ‘ಸಾಮಾನ್ಯ’ ಎಂದರೆ ಎಷ್ಟು ಎಂಬುದು ನಿಮಗೆ ತಿಳಿಯುತ್ತದೆ. ಅದು ತಿಳಿದ ಮೇಲೆ, ಅಸಾಮಾನ್ಯವಾದದ್ದು ಲಾರಿ ಗೇಟಿಗೆ ಬರುವ ಮೊದಲೇ ಕಣ್ಣಿಗೆ ಬೀಳುತ್ತದೆ.