ಅರವತ್ತು ಲಕ್ಷ ಮತ, ಸೊನ್ನೆ ಲೆಕ್ಕ

2020ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್‌ಗೆ ಅತಿ ಹೆಚ್ಚು ಮತ ಬಿದ್ದ ರಾಜ್ಯ ಯಾವುದು? ಟೆಕ್ಸಾಸ್ ಎಂದರೆ ಉತ್ತರ ತಪ್ಪು. ಅಲ್ಲಿ ಬಿದ್ದದ್ದು ಸುಮಾರು 59 ಲಕ್ಷ. ಡೆಮಾಕ್ರಟರ ಭದ್ರಕೋಟೆ ಎನಿಸಿಕೊಂಡ ಕ್ಯಾಲಿಫೋರ್ನಿಯಾದಲ್ಲಿ ಅದು 60 ಲಕ್ಷ ದಾಟಿತ್ತು. ಹೈನುಗಾರಿಕೆಯ ಟುಲಾರಿ, ಎಣ್ಣೆ ಬಾವಿಗಳ ಕರ್ನ್, ಗುಡ್ಡಗಾಡಿನ ಲಾಸೆನ್ ಕೌಂಟಿಗಳು ಟ್ರಂಪ್ ಕೈಹಿಡಿದಿದ್ದವು. ಆದರೆ ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಮತಗಳ ರಾಶಿಯೆದುರು ಇವು ಎಲ್ಲಿಗೂ ಸಾಲಲಿಲ್ಲ. 1.1 ಕೋಟಿ ಮತ ಪಡೆದ ಜೋ ಬೈಡನ್ ರಾಜ್ಯದ 55 ಎಲೆಕ್ಟರ್‌ಗಳನ್ನೂ ಬಾಚಿಕೊಂಡರು. ಟ್ರಂಪ್‌ಗೆ ದಕ್ಕಿದ್ದು ಸೊನ್ನೆ.

ಇಷ್ಟಾದರೂ ಈ ಎಲೆಕ್ಟರ್‌ಗಳ ಕೂಟವಾದ ಎಲೆಕ್ಟೋರಲ್ ಕಾಲೇಜ್ ಇರುವುದೇ ಹಳ್ಳಿಗಳ ರಕ್ಷಣೆಗೆ ಎಂಬ ಮಾತು ಅಲ್ಲಿ ಬಲವಾಗಿದೆ. ಅದಿಲ್ಲದಿದ್ದರೆ ನಾಲ್ಕಾರು ಮಹಾನಗರಗಳೇ ದೇಶದ ಅಧ್ಯಕ್ಷರನ್ನು ಆರಿಸಿಬಿಡುತ್ತವೆ ಎಂಬುದು ಬೆಂಬಲಿಗರ ವಾದ. ಲೆಕ್ಕ ಬಿಡಿಸಿ ನೋಡಿದರೆ ಈ ವಾದ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ.

ಅಮೆರಿಕದ ಮತದಾರ ಅಧ್ಯಕ್ಷರನ್ನು ನೇರವಾಗಿ ಆರಿಸುವುದಿಲ್ಲ. ತನ್ನ ರಾಜ್ಯದ ಎಲೆಕ್ಟರ್‌ಗಳನ್ನು ಆರಿಸುತ್ತಾನೆ. ಅವರು ಡಿಸೆಂಬರ್‌ನಲ್ಲಿ ಸೇರಿ ಅಧ್ಯಕ್ಷರಿಗೆ ಮತ ಹಾಕುತ್ತಾರೆ. ಜನಸಂಖ್ಯೆಗೆ ತಕ್ಕಂತೆ ಸಂಸತ್ತಿನ ಕೆಳಮನೆಯಾದ ಹೌಸ್‌ನಲ್ಲಿ ಸಿಗುವ ಸ್ಥಾನಗಳು, ಅದರ ಮೇಲೆ ಎಲ್ಲರಿಗೂ ಸಮನಾಗಿ ಸಿಗುವ ಮೇಲ್ಮನೆ ಸೆನೆಟ್‌ನ ಎರಡು ಸ್ಥಾನಗಳು, ಇವೆರಡೂ ಸೇರಿ ಒಂದು ರಾಜ್ಯದ ಎಲೆಕ್ಟರ್‌ಗಳ ಸಂಖ್ಯೆ. ರಾಜಧಾನಿ ವಾಷಿಂಗ್ಟನ್‌ನ ಮೂವರೂ ಸೇರಿ ಒಟ್ಟು 538, ಗೆಲ್ಲಲು ಬೇಕಾದ್ದು 270. 5.77 ಲಕ್ಷ ಜನರ ವಯೋಮಿಂಗ್‌ಗೆ ಮೂವರು ಎಲೆಕ್ಟರ್‌ಗಳಿದ್ದಾರೆ, ಅಂದರೆ 1.92 ಲಕ್ಷ ಜನರಿಗೆ ಒಬ್ಬರು. ಕ್ಯಾಲಿಫೋರ್ನಿಯಾದಲ್ಲಿ 7.3 ಲಕ್ಷ ಜನರಿಗೆ ಒಬ್ಬರು.

ಈ ಹೆಚ್ಚುವರಿ ತೂಕ ಸಿಗುವುದು ಸಣ್ಣ ರಾಜ್ಯಕ್ಕೇ ಹೊರತು ಹಳ್ಳಿಗಲ್ಲ. ಒತ್ತೊತ್ತಾಗಿ ನಗರಗಳಿಂದಲೇ ತುಂಬಿರುವ ರೋಡ್ ಐಲೆಂಡ್‌ಗೂ ಅದು ಸಿಗುತ್ತದೆ. ದೊಡ್ಡ ನಗರವೇ ಇಲ್ಲದ ವರ್ಮಾಂಟ್‌ಗೂ ಸಿಗುತ್ತದೆ; ಆ ಹಳ್ಳಿಗಾಡಿನ ರಾಜ್ಯ ಮತ ಹಾಕುವುದು ಡೆಮಾಕ್ರಟರಿಗೆ. ಅದರ ಮೇಲೆ, ರಾಜ್ಯದಲ್ಲಿ ಗೆದ್ದವರಿಗೆ ಎಲ್ಲ ಎಲೆಕ್ಟರ್‌ಗಳೂ ಸಲ್ಲುವ ನಿಯಮವಿದೆ. ಸಂವಿಧಾನದಲ್ಲಿ ಅದು ಬರೆದಿಲ್ಲ, ರಾಜ್ಯಗಳೇ ಮಾಡಿಕೊಂಡ ಕಾನೂನು. 48 ರಾಜ್ಯಗಳಲ್ಲಿ ಅದೇ ನಡೆಯುತ್ತದೆ. ಕ್ಯಾಲಿಫೋರ್ನಿಯಾದ ಬಾದಾಮಿ ಬೆಳೆಗಾರನ ಮತವನ್ನು ನುಂಗುವುದು ಈ ನಿಯಮವೇ.

ಮೈನ್ ಮತ್ತು ನೆಬ್ರಾಸ್ಕಾ ಮಾತ್ರ ಬೇರೆ ದಾರಿ ಹಿಡಿದಿವೆ. ಅಲ್ಲಿ ಇಡೀ ರಾಜ್ಯದಲ್ಲಿ ಗೆದ್ದವರಿಗೆ ಇಬ್ಬರು ಎಲೆಕ್ಟರ್‌ಗಳು, ಉಳಿದವರು ಹೌಸ್ ಕ್ಷೇತ್ರಕ್ಕೆ ಒಬ್ಬರಂತೆ. ನೆಬ್ರಾಸ್ಕಾದ ಐವರಲ್ಲಿ ಒಬ್ಬರು ಒಮಾಹಾ ನಗರದ ಕ್ಷೇತ್ರದವರು. ಒಂದು ಕಾಲಕ್ಕೆ ದನಗಳ ಸಂತೆಗೆ ಹೆಸರಾಗಿದ್ದ ಒಮಾಹಾವನ್ನು ಈಗ ಜನ ಗುರುತಿಸುವುದು ಹೂಡಿಕೆದಾರ ವಾರನ್ ಬಫೆಟ್ ಅವರ ಊರೆಂದು. ಜೋಳ, ಸೋಯಾ, ಹುಲ್ಲುಗಾವಲುಗಳ ಪಶ್ಚಿಮ ನೆಬ್ರಾಸ್ಕಾದಲ್ಲಿ ನಾಲ್ಕರಲ್ಲಿ ಮೂರು ಮತ ಟ್ರಂಪ್‌ಗೆ ಬಿದ್ದರೆ, ಒಮಾಹಾ ಕ್ಷೇತ್ರ 2008ರಲ್ಲಿ ಒಬಾಮಾ, 2020ರಲ್ಲಿ ಬೈಡನ್, 2024ರಲ್ಲಿ ಕಮಲಾ ಹ್ಯಾರಿಸ್ ಪಾಲಾಯಿತು.

2024ರ ಬೇಸಿಗೆ ಕಳೆಯುವ ಹೊತ್ತಿಗೆ ಒಮಾಹಾದ ಮನೆಯಂಗಳಗಳಲ್ಲಿ ಒಂದು ವಿಚಿತ್ರ ಫಲಕ ಕಾಣಿಸಿಕೊಂಡಿತು. ಬಿಳಿ ಹಲಗೆಯ ಮೇಲೆ ಒಂದು ದುಂಡನೆಯ ನೀಲಿ ಚುಕ್ಕೆ, ಅಷ್ಟೇ. ಅಭ್ಯರ್ಥಿಯ ಹೆಸರಿಲ್ಲ, ಪಕ್ಷದ ಹೆಸರಿಲ್ಲ. ರಿಪಬ್ಲಿಕನ್ನರ ಕೆಂಪು ರಾಜ್ಯದ ನಡುವಿನ ಡೆಮಾಕ್ರಟರ ನೀಲಿ ನಗರ ಎಂಬುದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಅಂಗಳದ ಈ ಚುಕ್ಕೆ ವಾಷಿಂಗ್ಟನ್ನಿನ ನಿದ್ದೆ ಕೆಡಿಸಲು ಕಾರಣವಿತ್ತು. ಹ್ಯಾರಿಸ್ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾಗಳನ್ನು ಗೆದ್ದು ಉಳಿದ ಪೈಪೋಟಿಯ ರಾಜ್ಯಗಳನ್ನು ಕಳೆದುಕೊಂಡರೆ ಒಮಾಹಾ ಸೇರಿ ಅವರ ಲೆಕ್ಕ ಸರಿಯಾಗಿ 270. ಒಮಾಹಾ ಇಲ್ಲದಿದ್ದರೆ 269–269. ಸಮಬಲವಾದರೆ ತೀರ್ಪು ಹೌಸ್‌ನದು, ಅಲ್ಲಿ ಕ್ಯಾಲಿಫೋರ್ನಿಯಾಕ್ಕೂ ವಯೋಮಿಂಗ್‌ಗೂ ಒಂದೊಂದೇ ಮತ! ನೆಬ್ರಾಸ್ಕಾವೂ ಉಳಿದವರಂತೆ ಆಗಲಿ ಎಂದು ಒತ್ತಡ ಹೇರಲು ರಿಪಬ್ಲಿಕನ್ ಸೆನೆಟರ್ ಲಿಂಡ್ಸೆ ಗ್ರಹಾಂ ಖುದ್ದಾಗಿ ಬಂದರು. ಡೆಮಾಕ್ರಟಿಕ್ ಪಕ್ಷ ಬಿಟ್ಟು ರಿಪಬ್ಲಿಕನ್ ಸೇರಿದ್ದ ಒಮಾಹಾದ ಶಾಸಕ ಮೈಕ್ ಮೆಕ್‌ಡೊನೆಲ್ ಜಗ್ಗಲಿಲ್ಲ, ಯತ್ನ ಬಿದ್ದುಹೋಯಿತು. ಕೊನೆಗೆ ಆ ಮೂರೂ ರಾಜ್ಯಗಳು ಟ್ರಂಪ್‌ಗೆ ಒಲಿದು ಒಮಾಹಾದ ಒಂದು ಮತ ಲೆಕ್ಕಕ್ಕೆ ಬಾರದೆ ಹೋದದ್ದು ಬೇರೆ ಮಾತು.

ನಗರ–ಹಳ್ಳಿಗಳ ಈ ಕಂದಕ ಬಹಳ ಹಳೆಯದೇನಲ್ಲ. 1996ರಲ್ಲಿ ಕಲ್ಲಿದ್ದಲ ಗಣಿಗಳ ವೆಸ್ಟ್ ವರ್ಜೀನಿಯಾವನ್ನು ಬಿಲ್ ಕ್ಲಿಂಟನ್ ಶೇ 15ರಷ್ಟು ಅಂತರದಲ್ಲಿ ಗೆದ್ದಿದ್ದರು. 2020ರಲ್ಲಿ ಅದೇ ರಾಜ್ಯದಲ್ಲಿ ಟ್ರಂಪ್ ಗೆಲುವಿನ ಅಂತರ ಶೇ 39. 2016ರಲ್ಲಿ ಹಿಲರಿ ಕ್ಲಿಂಟನ್ ದೇಶದಾದ್ಯಂತ 28 ಲಕ್ಷಕ್ಕೂ ಹೆಚ್ಚು ಮತ ಮುಂದಿದ್ದೂ ಸೋತರು. ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ ಅವರನ್ನು ಸೋಲಿಸಿದ ಟ್ರಂಪ್ ಅಂತರ 78 ಸಾವಿರವನ್ನೂ ಮುಟ್ಟಿರಲಿಲ್ಲ. ಅಲ್ಲಿನ ಹಳ್ಳಿಗರ ಮತಕ್ಕೆ ಬೆಲೆ ಬಂದದ್ದು ಅವರು ಹಳ್ಳಿಗರೆಂದಲ್ಲ, ಅವರ ರಾಜ್ಯ ತೂಗುಯ್ಯಾಲೆಯಲ್ಲಿತ್ತೆಂದು.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆದವರಿಗೆ ನಗರದ ಭಯವಿತ್ತೆನ್ನುವುದು ಕಷ್ಟ. 1790ರ ಜನಗಣತಿಯಂತೆ ನೂರರಲ್ಲಿ 95 ಮಂದಿ ಹಳ್ಳಿಯವರೇ. ಅಂದಿನ ತಕರಾರು ದೊಡ್ಡ ರಾಜ್ಯ–ಸಣ್ಣ ರಾಜ್ಯಗಳದ್ದು, ಜೊತೆಗೆ ಗುಲಾಮರನ್ನು ಐದರಲ್ಲಿ ಮೂರು ಪಾಲು ಲೆಕ್ಕ ಹಿಡಿಸಿಕೊಂಡ ದಕ್ಷಿಣದ್ದು. ಹಳ್ಳಿ–ನಗರದ ನಿಜವಾದ ಜಗಳ ಶುರುವಾದದ್ದು 1920ರಲ್ಲಿ. ಮೊದಲ ಬಾರಿಗೆ ನಗರವಾಸಿಗಳು ಅರ್ಧಕ್ಕಿಂತ ಹೆಚ್ಚಾದರು. ಹಳ್ಳಿ ಕಡೆಯ ಸಂಸದರು ಹೌಸ್ ಸ್ಥಾನಗಳ ಮರುಹಂಚಿಕೆಗೆ ಅಡ್ಡ ನಿಂತರು. ದಶಕವೇ ಕಳೆಯಿತು, 1928ರ ಅಧ್ಯಕ್ಷರನ್ನೂ 1910ರ ಜನಗಣತಿಯ ಲೆಕ್ಕದಲ್ಲೇ ಆರಿಸಲಾಯಿತು.

ಭಾರತದ ಓದುಗರಿಗೆ ಇದು ಪರಿಚಿತ ರಾಗ. ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಕರ್ನಾಟಕದ ಶಾಸಕರೊಬ್ಬರ ಮತಮೌಲ್ಯ 131, ಉತ್ತರ ಪ್ರದೇಶದವರದು 208. ಆಧಾರ ಇಂದಿಗೂ 1971ರ ಜನಗಣತಿ. ಆದರೆ ಇಲ್ಲಿ ಒಬ್ಬೊಬ್ಬ ಶಾಸಕನ ಮತವೂ ಬೇರೆಯಾಗಿ ಎಣಿಕೆಯಾಗುತ್ತದೆ, ಇಡೀ ರಾಜ್ಯ ಒಂದೇ ಗಂಟಾಗಿ ಯಾರ ಪಾಲಿಗೂ ಹೋಗುವುದಿಲ್ಲ.

ಅಮೆರಿಕದಲ್ಲೂ ತಿದ್ದುವ ಯತ್ನ ಆಗದೆ ಇಲ್ಲ. ನೇರ ಚುನಾವಣೆಯ ತಿದ್ದುಪಡಿಗೆ 1969ರಲ್ಲಿ ಹೌಸ್ 338–70ರಿಂದ ಒಪ್ಪಿತ್ತು; ಮರುವರ್ಷ ಸೆನೆಟ್‌ನಲ್ಲಿ ದಕ್ಷಿಣದವರೂ ಸಣ್ಣ ರಾಜ್ಯದವರೂ ಮಾತು ಎಳೆದು ಎಳೆದು ಅದನ್ನು ಮುಗಿಸಿದರು. ಈಗಿನದು ಬಳಸುದಾರಿ. ದೇಶದಲ್ಲಿ ಒಟ್ಟಾರೆ ಹೆಚ್ಚು ಮತ ಪಡೆದವರಿಗೇ ತಮ್ಮ ಎಲೆಕ್ಟರ್‌ಗಳನ್ನು ಕೊಡುವುದಾಗಿ ಹಲವು ರಾಜ್ಯಗಳು ಒಪ್ಪಂದ ಮಾಡಿಕೊಂಡಿವೆ. ಸೇರಿದವರ ಎಲೆಕ್ಟರ್‌ಗಳ ಲೆಕ್ಕ 200 ದಾಟಿದೆ; 270 ಮುಟ್ಟಿದ ದಿನ ಅದು ಜಾರಿಗೆ ಬರಬೇಕು. ಸೇರಿದವು ಬಹುತೇಕ ಡೆಮಾಕ್ರಟ್ ರಾಜ್ಯಗಳು. 270 ಮುಟ್ಟಿದರೂ, ಇಂಥ ಒಪ್ಪಂದಕ್ಕೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಒಪ್ಪಿಗೆ ಬೇಕೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್ ಮೆಟ್ಟಿಲೇರುವುದು ಖಚಿತ.