ಹಳೆಯ ಇಂಗ್ಲಿಷ್ ಪೀಠೋಪಕರಣಗಳು: ಕೊಳ್ಳುವ ಬಗೆ, ಬೆಲೆ ಕಟ್ಟುವ ಬಗೆ

ಲಂಡನ್ನಿನ ಹರಾಜುಶಾಲೆಗಳಲ್ಲಿ ಹರಾಜಿಗೆ ಕೆಲವು ದಿನ ಮುಂಚಿತವಾಗಿ ಸಾಮಾನುಗಳನ್ನು ಸಾರ್ವಜನಿಕರ ನೋಟಕ್ಕೆ ಇಡುವ ವಾಡಿಕೆಯುಂಟು. ಅಲ್ಲಿಗೆ ಹೋದವರಿಗೆ ಒಂದು ವಿನೋದವು ಕಾಣಬರುತ್ತದೆ. ಹೊಸಬರು ಮೇಜಿನ ಮುಂದೆ ನಿಂತು ಅದರ ಹೊಳಪನ್ನು ಕೊಂಡಾಡುತ್ತಿರುತ್ತಾರೆ. ಪಳಗಿದ ವ್ಯಾಪಾರಿಯಾದರೋ ಕೈದೀಪವನ್ನು ಹಿಡಿದು ಅದೇ ಮೇಜಿನ ಕೆಳಗೆ ಅಂಗಾತ ಮಲಗಿರುತ್ತಾನೆ. ನಾವು ಈ ಹೊತ್ತು ಹೇಳಬೇಕೆಂದಿರುವುದರ ಸಾರವೆಲ್ಲವೂ ಈ ನೋಟದಲ್ಲಿಯೇ ಅಡಗಿದೆ. ಸಾಮಾನಿನ ಮುಂಭಾಗವನ್ನು ಬಡಗಿಯು ಕೊಳ್ಳುವವನ ಕಣ್ಣಿಗಾಗಿ ಮಾಡಿದನು. ಅಡಿಯನ್ನೂ ಬೆನ್ನನ್ನೂ ಯಾರೂ ನೋಡಲಾರರೆಂದು ಬಗೆದು ಒರಟಾಗಿಯೇ ಬಿಟ್ಟನು. ಆದಕಾರಣ ಸಾಮಾನಿನ ವಯಸ್ಸು ಅಲ್ಲಿಯೇ ಬರೆದಿರುತ್ತದೆ.

ಮೊದಲು ಮರದ ವಿಚಾರ. 17ನೆಯ ಶತಮಾನದ ಮಧ್ಯದವರೆಗೆ ಇಂಗ್ಲೆಂಡಿನ ಒಳ್ಳೆಯ ಸಾಮಾನಿಗೆ ಮುಖ್ಯವಾಗಿ ಓಕ್ ಮರವೇ ಒದಗುತ್ತಿತ್ತು. 1660ರಲ್ಲಿ ಎರಡನೆಯ ಚಾರ್ಲ್ಸನು ಸಿಂಹಾಸನಕ್ಕೆ ಮರಳಿದ ಮೇಲೆ ವಾಲ್ನಟ್ ಮರಕ್ಕೆ ಪ್ರಾಧಾನ್ಯವು ಬಂದಿತು. 1709ರ ಕಡು ಚಳಿಯಲ್ಲಿ ಯೂರೋಪಿನ ವಾಲ್ನಟ್ ಮರಗಳು ಬಹುವಾಗಿ ನಾಶವಾದುವು. 1721ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಅಮೆರಿಕದ ತನ್ನ ವಸಾಹತುಗಳಿಂದ ಬರುವ ಮರದ ಮೇಲಿನ ಸುಂಕವನ್ನು ತೆಗೆದುಹಾಕಿತು. ಅಲ್ಲಿಂದ ಮುಂದೆ ಜಮೈಕಾ ಮೊದಲಾದ ದ್ವೀಪಗಳ ಮಹಾಗನಿಯು ಹಡಗು ಹಡಗಾಗಿ ಬಂದಿಳಿಯಿತು. ಇಂದು ನಾವು ಮೆಚ್ಚಿ ಸವರುವ ಆ ಕೆಂಪು ಹಲಗೆಗಳನ್ನು ಕಾಡಿನಲ್ಲಿ ಕಡಿದವರು ಗುಲಾಮರೆಂಬುದನ್ನು ಮರೆಯಲಾಗದು. ಶತಮಾನದ ಕೊನೆಯ ಭಾಗದಲ್ಲಿ ಹೊಂಬಣ್ಣದ ಸ್ಯಾಟಿನ್‌ವುಡ್ಡು ಬಳಕೆಗೆ ಬಂದಿತು. ಈ ಕ್ರಮವನ್ನು ತಿಳಿದವನಿಗೆ 1690ರದೆಂದು ಹೇಳುವ ಮಹಾಗನಿ ಬೀರುವನ್ನು ಕಂಡೊಡನೆಯೇ ಸಂದೇಹವು ಹುಟ್ಟಬೇಕು.

ಎರಡನೆಯದು ಹೆಸರಿನ ವಿಚಾರ. ಚಿಪ್ಪೆಂಡೇಲ್, ಹೆಪಲ್‌ವೈಟ್, ಶೆರಟನ್ ಎಂಬ ಮೂರು ಹೆಸರುಗಳು ವ್ಯಾಪಾರಿಗಳ ಬಾಯಲ್ಲಿ ನಿತ್ಯವೂ ಕುಣಿಯುತ್ತವೆ. ಥಾಮಸ್ ಚಿಪ್ಪೆಂಡೇಲನು ತನ್ನ ಮಾದರಿಚಿತ್ರಗಳ ಪುಸ್ತಕವನ್ನು 1754ರಲ್ಲಿ ಅಚ್ಚುಹಾಕಿಸಿದನು. ಹೆಪಲ್‌ವೈಟನ ಪುಸ್ತಕವು ಅವನು ಸತ್ತ ಎರಡು ವರ್ಷಗಳ ಮೇಲೆ, 1788ರಲ್ಲಿ, ಅವನ ಹೆಂಡತಿಯ ಮೂಲಕ ಹೊರಬಂದಿತು. ಶೆರಟನ್ನನ ಪುಸ್ತಕವು 1791ರಿಂದ ಭಾಗಭಾಗವಾಗಿ ಪ್ರಕಟವಾಯಿತು. ಈ ಪುಸ್ತಕಗಳನ್ನು ಕೊಂಡು ಮುಂದಿಟ್ಟುಕೊಂಡು ದೇಶದ ನಾನಾ ಊರುಗಳ ಬಡಗಿಗಳು ಕೆಲಸಮಾಡಿದರು. ಹೆಪಲ್‌ವೈಟನ ಕೈಯದೆಂದು ಖಚಿತವಾಗಿ ಹೇಳಬಲ್ಲ ಸಾಮಾನು ಒಂದೂ ಗೊತ್ತಿಲ್ಲ. ಚಿಪ್ಪೆಂಡೇಲನು ತನ್ನ ಸಾಮಾನಿನ ಮೇಲೆ ಮುದ್ರೆಯೊತ್ತುತ್ತಿರಲಿಲ್ಲ. ಹೀಗಿರುವಲ್ಲಿ "ಇದು ಚಿಪ್ಪೆಂಡೇಲ್ ಕುರ್ಚಿ" ಎಂಬ ಮಾತು ಬಹುಮಟ್ಟಿಗೆ ಮಾದರಿಯ ಹೆಸರೇ ಹೊರತು ಮಾಡಿದವನ ಹೆಸರಲ್ಲ.

ಹಾಗಾದರೆ ನಿಜವನ್ನು ಅರಿಯುವುದೆಂತು? ಸೆಳೆಖಾನೆಯನ್ನು ಪೂರ್ತಿ ಹೊರಕ್ಕೆಳೆದು ತಿರುಗಿಸಿರಿ. ಅದರ ಮೂಲೆಗಳಲ್ಲಿ ಪಾರಿವಾಳದ ಬಾಲದ ಆಕಾರದ ಕೀಲುಗಳು ಒಂದರಂತೆ ಒಂದಿಲ್ಲದೆ ಸ್ವಲ್ಪ ಹೆಚ್ಚುಕಡಿಮೆಯಾಗಿದ್ದರೆ ಅದು ಕೈಕೆಲಸದ ಲಕ್ಷಣ. ಎಲ್ಲವೂ ಅಳೆದಿಟ್ಟಂತೆ ಸಮನಾಗಿದ್ದರೆ ಯಂತ್ರದ ಕೆಲಸ. ಒರಟು ಹಲಗೆಯ ಮೇಲೆ ಗರಗಸದ ಗೆರೆಗಳು ನೇರವಾಗಿವೆಯೋ ಬಿಲ್ಲಿನಂತೆ ಬಾಗಿವೆಯೋ ನೋಡಿರಿ. ಬಾಗಿದ ಗೆರೆಯು ದುಂಡು ಗರಗಸದ್ದು. ಅದು ಬಳಕೆಗೆ ಬಂದದ್ದು 19ನೆಯ ಶತಮಾನದಲ್ಲಿ. ತಿರುಪುಮೊಳೆಯ ತುದಿ ಚೂಪಾಗಿದ್ದರೆ ಆ ಮೊಳೆಯು ಆ ಶತಮಾನದ ಮಧ್ಯಕಾಲಕ್ಕಿಂತ ಬಹಳ ಹಿಂದಿನದಾಗಲಾರದು. ಆದರೆ ಒಂದು ಮೊಳೆ ಹೊಸದಾದ ಮಾತ್ರಕ್ಕೆ ಬೀರುವೇ ಹೊಸದೆಂದು ತೀರ್ಮಾನಿಸಬಾರದು; ರಿಪೇರಿಯೂ ನಡೆದಿರಬಹುದಷ್ಟೆ. ಹುಳು ಕೊರೆದ ತೂತುಗಳನ್ನು ಕಂಡು ಹಳೆಯದೆಂದು ಹಿಗ್ಗಲೂ ಬಾರದು. ಹುಳುವು ಮರದ ಒಳಗೆ ಸುತ್ತಿ ಸುತ್ತಿ ಹಾದಿ ಕೊರೆಯುತ್ತದೆ, ಹೊರಕ್ಕೆ ಬರುವಲ್ಲಿ ಮಾತ್ರ ಸಣ್ಣ ರಂಧ್ರವನ್ನು ಬಿಡುತ್ತದೆ. ಒಳಗಿನ ಹಾದಿಯೇ ಮೇಲ್ಮೈಯಲ್ಲಿ ಕಾಲುವೆಯಂತೆ ತೆರೆದು ಬಿದ್ದಿದ್ದರೆ, ಹಳೆಯ ಮರವನ್ನು ಆಮೇಲೆ ಕೊಯ್ದು ಹೊಸ ಸಾಮಾನು ಮಾಡಿದ್ದಾರೆಂದು ಶಂಕಿಸಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಇನ್ನೊಂದು ಬಗೆಯ ಮೋಸಕ್ಕೆ ಅಲ್ಲಿನ ವ್ಯಾಪಾರಿಗಳು "ಮದುವೆ" ಎಂದೇ ಹೆಸರಿಟ್ಟಿದ್ದಾರೆ. ಒಂದು ಬೀರುವಿನ ತಲೆಯನ್ನು ಮತ್ತೊಂದರ ಬುಡಕ್ಕೆ ಜೋಡಿಸುವುದೇ ಈ ಮದುವೆ. ಎರಡೂ ಹಳೆಯವೇ, ಆದರೆ ಒಂದಕ್ಕೊಂದು ನಂಟಿಲ್ಲ. ಬೆನ್ನಿನ ಹಲಗೆಗಳ ಬಣ್ಣವನ್ನು ಹೋಲಿಸಿದರೆ ಗುಟ್ಟು ಹೊರಬೀಳುವುದುಂಟು. ಕುರ್ಚಿಗಳಲ್ಲಿ ಎಂಟರ ಕಟ್ಟಿಗೆ, ಬಿಡಿ ಕುರ್ಚಿಗಳ ಬೆಲೆಯನ್ನು ಎಂಟರಿಂದ ಗುಣಿಸಿದ್ದಕ್ಕಿಂತ ಬಹಳ ಹೆಚ್ಚಿನ ಬೆಲೆಯುಂಟು. ಆದುದರಿಂದ ಎರಡು ಕುರ್ಚಿಗಳ ಅಂಗಗಳನ್ನು ಬಿಡಿಸಿ ಹೊಸ ಮರವನ್ನು ಸೇರಿಸಿ ನಾಲ್ಕಾಗಿ ಮಾಡುವ ಚತುರರೂ ಇದ್ದಾರೆ. ಬಡಗಿಯು ಹಲವು ವೇಳೆ ಆಸನದ ಪಟ್ಟಿಯ ಮೇಲೆ ಉಳಿಯಿಂದ ರೋಮನ್ ಅಂಕೆಗಳನ್ನು ಕೆತ್ತುತ್ತಿದ್ದನು. ಆ ಅಂಕೆಗಳನ್ನು ಹುಡುಕಿ ಓದುವುದು ಒಳ್ಳೆಯದು.

ಇಲ್ಲಿ ನಮ್ಮ ಸ್ವಂತ ಮೂರ್ಖತನವೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಲಂಡನ್ನಿನಲ್ಲಿದ್ದಾಗ ನಾವು ಮೂರು ಕಾಲಿನ ದುಂಡು ಮಹಾಗನಿ ಮೇಜೊಂದನ್ನು ಕೊಂಡೆವು. ಕಲೆಗಳು ತುಂಬಿ ಮಂಕಾಗಿದ್ದ ಅದನ್ನು ಮೆರುಗು ಕೊಡುವವನೊಬ್ಬನಿಗೆ ಒಪ್ಪಿಸಿದೆವು. ಕನ್ನಡಿಯಂತೆ ಹೊಳೆಯುತ್ತ ಹಿಂದಿರುಗಿದಾಗ ನಮಗೆ ಹಿಡಿಸಲಾರದ ಸಂತೋಷ. ಕೆಲವು ತಿಂಗಳ ಮೇಲೆ ಬೆಲೆ ಕಟ್ಟುವವರೊಬ್ಬರನ್ನು ಕರೆದು ತೋರಿಸಿದೆವು. ಅವರು ಮೇಜಿನ ಅಗಲವನ್ನು ಎರಡು ದಿಕ್ಕಿನಲ್ಲಿಯೂ ಅಳೆದರು. ಮರವು ಎಳೆಯ ಉದ್ದಕ್ಕೆ ಬಹುಶಃ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಆದಕಾರಣ ಹಳೆಯ ದುಂಡು ಮೇಜು ನಿಜವಾಗಿ ದುಂಡಾಗಿರುವುದಿಲ್ಲ. ನಮ್ಮದು ಅಡ್ಡಕ್ಕೆ ಕಾಲು ಅಂಗುಲ ಕಡಿಮೆಯಿದ್ದಿತು. "ಮೇಜು ಹಳೆಯದೇ" ಎಂದರು. ಆಮೇಲೆ ಅಂಗೈಯಿಂದ ಮೇಲ್ಮೈಯನ್ನು ಒಮ್ಮೆ ಸವರಿ, "ಆದರೆ ಇದರ ಚರ್ಮವನ್ನು ಸುಲಿದಿದ್ದಾರೆ" ಎಂದರು. ನಾವು ಕೊಟ್ಟಿದ್ದ ಬೆಲೆಯ ಅರ್ಧವನ್ನು ಕೂಡ ಅವರು ಕಟ್ಟಲಿಲ್ಲ. ಇನ್ನೂರೈವತ್ತು ವರ್ಷಗಳ ಬೆಳಕು, ಮೇಣ, ಧೂಳು, ಮನುಷ್ಯರ ಕೈ ಇವೆಲ್ಲ ಸೇರಿ ಮರಕ್ಕೆ ಕೊಟ್ಟಿದ್ದ ಕಾಂತಿಯನ್ನು ನಾವು ಕೂಲಿ ಕೊಟ್ಟು ಕೆರೆಸಿಹಾಕಿದ್ದೆವು. ಅದನ್ನು ಯಾವ ಬಡಗಿಯೂ ಮತ್ತೆ ತಂದುಕೊಡಲಾರನು.

ಸಾಮಾನಿನ ಜೊತೆಗೆ ಅದರ ಕಾಗದಪತ್ರಗಳೂ ಉಳಿದಿದ್ದರೆ ಬೆಲೆಯು ಬೇರೆಯೇ ಆಗುತ್ತದೆ. ಸ್ಕಾಟ್ಲೆಂಡಿನ ಡಂಫ್ರೀಸ್ ಹೌಸ್ ಎಂಬ ಮನೆಗೆ ಚಿಪ್ಪೆಂಡೇಲನು 1759ರಲ್ಲಿ ಸಾಮಾನುಗಳನ್ನು ಒದಗಿಸಿದನು. ಅವನ ಬಿಲ್ಲುಗಳು ಇಂದಿಗೂ ಇವೆ. 2007ರಲ್ಲಿ ಅವನ್ನೆಲ್ಲ ಹರಾಜಿಗೆಂದು ಲಾರಿಗಳಲ್ಲಿ ತುಂಬಿ ಲಂಡನ್ನಿಗೆ ಸಾಗಿಸುತ್ತಿದ್ದಾಗ, ಅಂದು ಯುವರಾಜನಾಗಿದ್ದ ಚಾರ್ಲ್ಸನ ಮುಂದಾಳುತನದಲ್ಲಿ ಮನೆ, ಜಮೀನು, ಸಾಮಾನು ಎಲ್ಲವನ್ನೂ 4.5 ಕೋಟಿ ಪೌಂಡಿಗೆ ಕೊಂಡುಕೊಂಡರು. ಲಾರಿಗಳು ದಾರಿಯಿಂದ ಹಿಂದಿರುಗಿದುವು.

ಸಾಧಾರಣ ಸಾಮಾನಿನ ಕಥೆ ಹಾಗಲ್ಲ. ಈ ಶತಮಾನದ ಆರಂಭದಿಂದ ಮಹಾಗನಿಯ ಸಾದಾ ಮೇಜು ಬೀರುಗಳ ಬೆಲೆ ಬಹಳವಾಗಿ ಇಳಿದಿದೆ. ಮನೆಗಳು ಚಿಕ್ಕವಾದುವು, ರುಚಿಯು ಬದಲಾಯಿತು. ಲಾಭಕ್ಕಾಗಿ ಕೊಂಡವರು ಕೈಸುಟ್ಟುಕೊಂಡರು. ಬಳಸುವುದಕ್ಕಾಗಿ ಕೊಳ್ಳುವವರಿಗೆ ಇದು ಸುಗ್ಗಿಯ ಕಾಲ. ಬೆಲೆಯನ್ನು ಕೇಳುವಾಗ ಯಾವ ಬೆಲೆಯೆಂಬುದನ್ನೂ ಕೇಳಬೇಕು. ವಿಮೆಗಾಗಿ ಕಟ್ಟುವ ಬೆಲೆ ಒಂದು, ಹರಾಜಿನಲ್ಲಿ ಕೂಗುವ ಬೆಲೆ ಮತ್ತೊಂದು, ಮಾರಿದವನ ಕೈಗೆ ಸೇರುವುದು ಇನ್ನೊಂದು. ಕೂಗಿದ ಬೆಲೆಯ ಮೇಲೆ ಕೊಳ್ಳುವವನು ಹರಾಜುಶಾಲೆಗೂ ದಸ್ತೂರಿಯನ್ನು ತೆರಬೇಕು. ಪಟ್ಟಿಯಲ್ಲಿ "ಮೂರನೆಯ ಜಾರ್ಜ್" ಎಂದಿದ್ದರೆ ಅದು ಆ ಕಾಲದ್ದೆಂದು ಅರ್ಥ. "ಮೂರನೆಯ ಜಾರ್ಜ್ ಶೈಲಿ" ಎಂದಿದ್ದರೆ ಬಳಿಕ ಮಾಡಿದ ಅನುಕರಣವೆಂದು ಅರ್ಥ. ಆ ಒಂದು ಮಾತಿನಲ್ಲಿ ಸಾವಿರಾರು ಪೌಂಡುಗಳು ಅಡಗಿರುತ್ತವೆ. ಸಾಮಾನಿನಲ್ಲಿ ದಂತದ ಕೆಲಸವಿದ್ದರೆ 2022ರಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನಿನ ವಿನಾಯಿತಿಗೆ ಅದು ಒಳಪಡುವುದೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಕೊನೆಯದಾಗಿ ಎರಡು ಮಾತು. ಕೊಳ್ಳುವಾಗ ಸಾಮಾನಿನ ಕಾಲ, ಮರ, ಆಗಿರುವ ರಿಪೇರಿ ಇವುಗಳನ್ನು ರಸೀತಿಯಲ್ಲಿಯೇ ಬರೆಯಿಸಿಕೊಳ್ಳಿರಿ. ಬರೆದುಕೊಡಲು ಹಿಂಜರಿಯುವವನಿಂದ ಕೊಳ್ಳಬೇಡಿರಿ. ಮನೆಗೆ ತಂದ ಮೇಲೆ ಒಣಬಟ್ಟೆಯಿಂದ ಧೂಳನ್ನು ಒರಸಿ ಅಪರೂಪಕ್ಕೆ ಸ್ವಲ್ಪ ಮೇಣವನ್ನು ಹಚ್ಚಿ ಅದರ ಪಾಡಿಗೆ ಬಿಡಿರಿ. ನಮ್ಮ ಮೇಜು ಈಗಲೂ ನಮ್ಮಲ್ಲಿಯೇ ಇದೆ. ನಾವು ಅದರ ಮೇಲೆ ದಿನವೂ ಕಾಫಿ ಕುಡಿಯುತ್ತೇವೆ. ಬಟ್ಟಲಿನ ಕಲೆಯೊಂದು ಬಿದ್ದಾಗ ಒರಸಲು ಹೋಗುವ ಕೈಯನ್ನು ತಡೆದುಕೊಳ್ಳುತ್ತೇವೆ.