ತೆರಬಂಡಿ: ಗೆಲುವಿನ ಹಿಂದಿನ ಯಜಮಾನ

ಜಮಖಂಡಿ: ಜಾತ್ರೆಯ ಕಣದಲ್ಲಿ ಗುಲಾಲು ಬೀಳುವುದು ಗೆದ್ದ ಎತ್ತುಗಳ ಮೇಲೆ. ಕೇಕೆ, ಸಿಳ್ಳೆಗಳು ಬಂಡಿ ಹೊಡೆಯುವವನಿಗೆ. ಆ ಜೋಡಿಯನ್ನು ಆರಿಸಿ, ಮೇಯಿಸಿ, ಪಳಗಿಸಿದ ಯಜಮಾನ ಮಾತ್ರ ಹಗ್ಗದ ಆಚೆ ಜನರ ನಡುವೆ ನಿಂತಿರುತ್ತಾನೆ. ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದ ತೆರಬಂಡಿ ಸ್ಪರ್ಧೆಗಳಲ್ಲಿ ಸೋಲು-ಗೆಲುವು ಬಹುಮಟ್ಟಿಗೆ ನಿರ್ಧಾರವಾಗುವುದು ಈತನ ಕೊಟ್ಟಿಗೆಯಲ್ಲಿ.

ಏನಿದು ತೆರಬಂಡಿ?

ಇದು ಓಟದ ಸ್ಪರ್ಧೆಯಲ್ಲ, ಎಳೆತದ ಸ್ಪರ್ಧೆ. ಗಾಲಿಗಳು ಉರುಳದಂತೆ ಬಿಗಿದು ಕಟ್ಟಿದ ಭಾರದ ಬಂಡಿಯನ್ನು ಎತ್ತುಗಳು ನೆಲದ ಮೇಲೆ ಎಳೆದೊಯ್ಯಬೇಕು. ಗೊತ್ತುಪಡಿಸಿದ ಅವಧಿ ಮುಗಿದೊಡನೆ ಕ್ರಮಿಸಿದ ದೂರವನ್ನು ಅಳೆಯುತ್ತಾರೆ. ಇಲ್ಲಿ ವೇಗಕ್ಕಿಂತ ಹೆಗಲಿನ ಬಲವೂ ಎರಡು ಎತ್ತುಗಳ ಹೆಜ್ಜೆಯ ಹೊಂದಾಣಿಕೆಯೂ ಮುಖ್ಯ.

ಅಮೆರಿಕದ 'ಸ್ಟಾಕ್ ಕಾರ್' ರೇಸಿನಲ್ಲಿ ಇಂಥದೇ ಹೊಣೆ ಹೊರುವವನನ್ನು 'ಕ್ರೂ ಚೀಫ್' ಎನ್ನುತ್ತಾರೆ. ಕಾರು ಓಡಿಸುವವನು ಬೇರೆ. ಅದನ್ನು ಸಜ್ಜುಗೊಳಿಸಿ, ಚಕ್ರ ಬದಲಿಸುವ ಹೊತ್ತನ್ನು ನಿರ್ಧರಿಸುವವನು ಈತ. 1948ರಲ್ಲಿ ಆರಂಭವಾದ ನಾಸ್ಕಾರ್ ಸಂಸ್ಥೆಯ ಸ್ಪರ್ಧೆಗಳಲ್ಲಿ ಡೇಲ್ ಇನ್ಮನ್ ಕ್ರೂ ಚೀಫ್ ಆಗಿ 8 ಬಾರಿ ಚಾಂಪಿಯನ್ ಪಟ್ಟ ಕಂಡವರು. ನಿಯಮ ಮುರಿದರೆ ಮೊದಲ ದಂಡನೆಯೂ ಈ ಹುದ್ದೆಗೇ. 2006ರ ಡೇಟೋನಾ 500 ಸ್ಪರ್ಧೆಗೆ ಮುನ್ನ ಕ್ರೂ ಚೀಫ್ ಚಾಡ್ ಕನೌಸ್ ಅವರನ್ನು ಹೊರಗೆ ಕಳುಹಿಸಲಾಗಿತ್ತು. ಅವರ ತಂಡದ ಚಾಲಕ ಜಿಮ್ಮಿ ಜಾನ್ಸನ್ ಅವರಿಲ್ಲದೆಯೇ ಆ ಸ್ಪರ್ಧೆ ಗೆದ್ದರು.

ಆಯ್ಕೆಯಿಂದ ಕಣದವರೆಗೆ

ಯಜಮಾನನ ಕೆಲಸ ಸಂತೆಯಲ್ಲಿ ಆರಂಭವಾಗುತ್ತದೆ. ಹಲ್ಲು ನೋಡಿ ವಯಸ್ಸು ತಿಳಿಯುವುದು ಮೊದಲ ಪಾಠ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ದಾಟಿ ಬಾಯಿಗೂಡಿದ ಎತ್ತು ಪೂರ್ಣ ಬೆಳೆದದ್ದು. ಬಳಿಕ ಎದೆಯ ಅಗಲ, ಗೊರಸು, ನಡಿಗೆಗಳ ಪರೀಕ್ಷೆ. ಕಿಲಾರಿ ತಳಿ ಚುರುಕಿಗೆ ಹೆಸರಾದರೆ, ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ಎರೆಮಣ್ಣಿನಲ್ಲಿ ರೂಪುಗೊಂಡ ಕೃಷ್ಣಾ ಕಣಿವೆ ತಳಿ ಭಾರ ಎಳೆಯುವುದಕ್ಕೆ ಹೆಸರುವಾಸಿ.

ಒಂದೇ ಬಲದ ಎರಡು ಎತ್ತು ಸಿಗುವುದು ಅಪರೂಪ. ಆಗ ನೊಗವೇ ತಕ್ಕಡಿಯಾಗುತ್ತದೆ. ನೊಗದ ಕಟ್ಟನ್ನು ನಡುವಿನಿಂದ ಬಲಿಷ್ಠ ಎತ್ತಿನ ಕಡೆಗೆ ತುಸು ಸರಿಸಿದರೆ ಅದರ ಪಾಲಿಗೆ ಹೆಚ್ಚು ಭಾರ ಬೀಳುತ್ತದೆ. ದುರ್ಬಲ ಎತ್ತಿಗೆ ಹಗುರವಾಗಿ ಜೋಡಿ ಓರೆಯಾಗದೆ ನೇರ ನಡೆಯುತ್ತದೆ. ಹೆಚ್ಚು ಸರಿಸಿದರೆ ಬಲಿಷ್ಠ ಎತ್ತೇ ಬೇಗ ದಣಿಯುತ್ತದೆ. ಕ್ರೂ ಚೀಫ್ ಚಕ್ರದ ಗಾಳಿಯನ್ನು ತುಸು ಹೆಚ್ಚು ಕಡಿಮೆ ಮಾಡಿ ಕಾರನ್ನು ಹದಕ್ಕೆ ತರುವುದೂ ಇಂಥದೇ ಲೆಕ್ಕಾಚಾರ.

ಮೇವಿನಲ್ಲಿಯೂ ಅಂಥದೇ ಎಚ್ಚರ ಬೇಕು. ಜೋಳದ ಕಣಿಕೆಯ ಜತೆಗೆ ನೆನೆಸಿದ ಹುರುಳಿ, ಹತ್ತಿಕಾಳು, ಹಿಂಡಿ ಕೊಡುತ್ತಾರೆ. ಕಾಳು ಏಕಾಏಕಿ ಹೆಚ್ಚಿದರೆ ಹೊಟ್ಟೆ ಕೆಡುತ್ತದೆ. ಗೊರಸು ಸವೆಯದಂತೆ ಲಾಳ ಕಟ್ಟಿಸಬೇಕು. ಹೆಗಲು ಬಾತಿದ್ದರೆ ನೊಗ ಇಡುವಂತಿಲ್ಲ.

ಕಾನೂನಿನ ಏಳುಬೀಳು

2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಹಾಗೂ ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿದ ಮೇಲೆ ಎತ್ತುಗಳ ಸ್ಪರ್ಧೆಗಳ ಭವಿಷ್ಯವೇ ಅನಿಶ್ಚಿತವಾಯಿತು. ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದು ಕಂಬಳ ಮತ್ತು ಎತ್ತುಗಳ ಸ್ಪರ್ಧೆಗೆ ಅವಕಾಶ ಕಲ್ಪಿಸಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರಗಳ ತಿದ್ದುಪಡಿಯೊಂದಿಗೆ ಇದನ್ನೂ ಎತ್ತಿಹಿಡಿಯಿತು. ಆದರೆ ನಿಯಮಗಳು ಕಟ್ಟುನಿಟ್ಟಾಗಿ ಪಾಲನೆಯಾಗುವಂತೆ ನೋಡಿಕೊಳ್ಳುವ ಹೊಣೆಯನ್ನು ಜಿಲ್ಲಾ ದಂಡಾಧಿಕಾರಿಗಳಿಗೆ ವಹಿಸಿತು.

ಪ್ರಾಣಿದಯಾ ಕಾರ್ಯಕರ್ತರ ಆಕ್ಷೇಪ ಇದರಿಂದ ಮುಗಿದಿಲ್ಲ. ದಣಿದ ಎತ್ತನ್ನು ಬಾರುಕೋಲಿನಿಂದ ಹೊಡೆದು ಎಳೆಸಿದರೆ ಅದು ಹಿಂಸೆಯೇ. ಅಧಿಕಾರಿ ಎಲ್ಲ ಕಣಗಳಲ್ಲಿಯೂ ಇರಲಾರರು. ಎತ್ತಿನ ಉಸಿರು, ನಡುಗುವ ಕಾಲುಗಳನ್ನು ಮೊದಲು ಗುರುತಿಸುವವನು ಯಜಮಾನನೇ. ಬಹುಮಾನದ ಆಸೆ ಬಿಟ್ಟು ಆ ಕ್ಷಣದಲ್ಲಿ ಕೊರಳು ಬಿಚ್ಚಿಸುವ ಅಧಿಕಾರವೂ ಅವನದೇ.

ಮುಂದೇನು?

ಈ ಭಾಗ ಕಬ್ಬಿನ ನಾಡು. ಹಂಗಾಮಿನಲ್ಲಿ ಕಾರ್ಖಾನೆಗೆ ಕಬ್ಬು ಸಾಗಿಸುತ್ತಿದ್ದ ಬಂಡಿಗಳ ಜಾಗವನ್ನು ಟ್ರ್ಯಾಕ್ಟರ್‌ಗಳು ಬಹುಪಾಲು ಆಕ್ರಮಿಸಿವೆ. ಹೊಲದಲ್ಲಿ ಕೆಲಸವಿಲ್ಲದ ಎತ್ತನ್ನು ವರ್ಷವಿಡೀ ಸಾಕುವುದು ರೈತನಿಗೆ ಹೊರೆ. ಕೃಷ್ಣಾ ಕಣಿವೆ ತಳಿಯ ಸಂಖ್ಯೆ ಕುಸಿಯಲು ಇದೂ ಒಂದು ಕಾರಣ. ಹಲ್ಲು ನೋಡಿ ವಯಸ್ಸು ಹೇಳುವ, ನೊಗದ ಕಟ್ಟು ಸರಿಸಿ ಜೋಡಿ ಕೂಡಿಸುವ ವಿದ್ಯೆಗೆ ಶಾಲೆಯೂ ಇಲ್ಲ, ಪುಸ್ತಕವೂ ಇಲ್ಲ. ಕೊಟ್ಟಿಗೆಯಲ್ಲಿ ಎತ್ತು ಇರುವಷ್ಟು ದಿನ ಮಾತ್ರ ಅದು ತಂದೆಯಿಂದ ಮಗನಿಗೆ ಸಾಗುತ್ತದೆ.